ಮನೆ ಮಾರಿ ಮುದ್ರಣಾಲಯ ಕಟ್ಟಿದ ಶರಣ: ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿ

ಜುಲೈ 2 ಬಂದೊಡನೆ ಕನ್ನಡ ನಾಡಿನ ಶರಣ ಸಮುದಾಯವು ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರನ್ನು ಭಕ್ತಿಯಿಂದ ಸ್ಮರಿಸುತ್ತದೆ. ಅವರ ಜನ್ಮದಿನವು ಇಂದು ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಣೆಗೊಳ್ಳುತ್ತಿದೆ. ಅಂದು ಭಾವಚಿತ್ರಕ್ಕೆ ಹಾರ ಹಾಕುತ್ತೇವೆ, ವಚನ ಗಾಯನ ನಡೆಸುತ್ತೇವೆ, ಉಪನ್ಯಾಸ ಕೇಳುತ್ತೇವೆ. ಇವೆಲ್ಲ ಆ ಹಿರಿಯರಿಗೆ ಸಲ್ಲತಕ್ಕ ಗೌರವವೇ ಸರಿ. ಆದರೆ ಅವರು ತಮ್ಮ ಇಡೀ ಬಾಳನ್ನು ಸವೆಸಿದ್ದು ನಾವು ಓದಲೆಂದು. ಪೂಜೆಯ ಗೂಡಿನಲ್ಲಿ ಮೌನವಾಗಿ ಕುಳಿತಿದ್ದ ಗ್ರಂಥವನ್ನು ಓದುಗನ ಕೈಗೆ ತಲುಪಿಸಿದರೆ ಒಂದು ಸಮಾಜ ಎಷ್ಟು ಬದಲಾಗಬಲ್ಲದು ಎಂಬುದಕ್ಕೆ ಅವರ ಜೀವನಕ್ಕಿಂತ ಮಿಗಿಲಾದ ನಿದರ್ಶನ ನಮ್ಮ ನಾಡಿನಲ್ಲಿ ದುರ್ಲಭ. ಆ ದೃಷ್ಟಿಯಿಂದ ಅವರ ಚರಿತ್ರೆಯನ್ನು ನಮ್ಮ ಸೋಲೂರು ಸೀಮೆಯ ಭಕ್ತರ ಹಾಗೂ ಎಲ್ಲ ಶರಣಬಂಧುಗಳ ಮುಂದಿಡುತ್ತಿದ್ದೇವೆ.

ಪುಸ್ತಕವಿದ್ದ ಮನೆ

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಾಯಿ ದಾನಾದೇವಿಯವರು. ಮಗು ಇನ್ನೂ ಚಿಕ್ಕದಿರುವಾಗಲೇ ತಾಯಿ ಲಿಂಗೈಕ್ಯರಾದುದರಿಂದ ಅಜ್ಜಿಯ ಆರೈಕೆಯಲ್ಲಿ ಬೆಳೆಯಬೇಕಾಯಿತು. ತಂದೆ ಗುರುಬಸಪ್ಪನವರು ಶಿಕ್ಷಕರು, ಅದರೊಡನೆ ಲೇಖಕರು. ಫ್ರಾನ್ಸ್ ದೇಶದ ರಾಜ್ಯಕ್ರಾಂತಿಯ ಇತಿಹಾಸವನ್ನು ಕನ್ನಡದಲ್ಲಿ ಬರೆದವರು ಅವರು. ಮುಂಬಯಿ ಪ್ರಾಂತದಲ್ಲಿ ಮರಾಠಿಯ ಪ್ರಭಾವ ಬಲವಾಗಿದ್ದು, ಕನ್ನಡದಲ್ಲಿ ಬರೆಯುವವರೂ ಅಚ್ಚು ಹಾಕುವವರೂ ವಿರಳವಾಗಿದ್ದ ಕಾಲವದು. ಅಂತಹ ಕಾಲದಲ್ಲಿ ಮನೆಯೊಳಗೇ ಲೇಖನಿಯ ಕಾಯಕ ನಡೆಯುತ್ತಿದ್ದುದನ್ನು ಕಂಡು ಬೆಳೆದ ಬಾಲಕನಿಗೆ, ಪುಸ್ತಕವೆಂಬುದು ದೂರದ ವಸ್ತುವಾಗಿರಲಿಲ್ಲ. ದೂರದ ದೇಶದ ಜನರ ಕಥೆಯನ್ನು ತನ್ನ ನುಡಿಯಲ್ಲೇ ಹೇಳಬಹುದೆಂಬ ಅರಿವು ಅವನಿಗೆ ತಂದೆಯಿಂದಲೇ ದೊರೆಯಿತು.

ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿ ಅವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಆ ಮಹಾನಗರದಲ್ಲಿ ಅವರು ಕಂಡ ಎರಡು ಸಂಗತಿಗಳು ಮುಂದಿನ ಬಾಳನ್ನು ರೂಪಿಸಿದವು. ಗುಜರಾತಿಗಳೂ ಮರಾಠಿಗರೂ ತಮ್ಮ ನುಡಿಯ ಪತ್ರಿಕೆ, ಪುಸ್ತಕ, ಸಂಸ್ಥೆಗಳನ್ನು ಅಭಿಮಾನದಿಂದ ಬೆಳೆಸುತ್ತಿದ್ದರು, ಇದು ಮೊದಲನೆಯದು. ಕನ್ನಡಿಗರಿಗೆ ತಮ್ಮ ಸಾಹಿತ್ಯದ ಪರಿಚಯವೇ ಇಲ್ಲದಿದ್ದುದು ಎರಡನೆಯದು. ಮುಂದೆ ಕರ್ನಾಟಕ ಕುಲಪುರೋಹಿತರೆನಿಸಿದ ಆಲೂರು ವೆಂಕಟರಾಯರು ಅಲ್ಲಿ ಅವರ ಒಡನಾಡಿಗಳಾದರು. ಇಬ್ಬರೂ ಒಂದೇ ವರ್ಷದ ಒಂದೇ ತಿಂಗಳಲ್ಲಿ ಹುಟ್ಟಿದವರು. ವೆಂಕಟರಾಯರು 1917ರಲ್ಲಿ ಕರ್ನಾಟಕ ಗತವೈಭವವೆಂಬ ಗ್ರಂಥದಿಂದ ನಾಡಿನ ಏಕೀಕರಣಕ್ಕೆ ಚೈತನ್ಯ ತುಂಬಿದರೆ, ಹಳಕಟ್ಟಿಯವರು ಶರಣರ ನುಡಿಯನ್ನು ಬೆಳಕಿಗೆ ತರುವ ದಾರಿ ಹಿಡಿದರು. ಒಂದೇ ಊರಿನ ವಿದ್ಯಾರ್ಥಿ ಜೀವನದಿಂದ ಹೊರಟ ಎರಡು ಪುಸ್ತಕಗಳ ಹಾದಿ ಕೊನೆಗೆ ಒಂದೇ ನಾಡನ್ನು ಕಟ್ಟಿತು.

1904ರಲ್ಲಿ ಕಾನೂನು ಪದವಿ ಪಡೆದ ಹಳಕಟ್ಟಿಯವರು ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಸಿ, ಬಳಿಕ ವಿಜಾಪುರಕ್ಕೆ ಬಂದು ನೆಲೆಸಿದರು. ಜೀವಿತದ ಕೊನೆಯವರೆಗೂ ಅದೇ ಅವರ ಕರ್ಮಭೂಮಿ.

ರಬಕವಿಯ ಓಲೆಗಳು

ವಕೀಲರಾಗುವ ಮುನ್ನವೇ, 1903ರ ಸುಮಾರಿಗೆ, ಅವರ ಬಾಳಿನ ತಿರುವು ಸಂಭವಿಸಿತ್ತು. ರಬಕವಿಯ ಶಿವಲಿಂಗಪ್ಪ ಮಂಚಾಲೆಯವರ ಮನೆಯಲ್ಲಿ ಅವರಿಗೆ ತಾಳೆಗರಿಯ ಕೆಲವು ಕಟ್ಟುಗಳನ್ನು ನೋಡುವ ಅವಕಾಶ ದೊರೆಯಿತು. ಅವುಗಳಲ್ಲಿ ಷಟ್‌ಸ್ಥಲ ತಿಲಕ ಮತ್ತು ಪ್ರಭುದೇವರ ವಚನಗಳು ಇದ್ದವು. ಓದುತ್ತ ಹೋದಂತೆ ತರುಣ ಹಳಕಟ್ಟಿಯವರು ಬೆರಗಾದರು. ಹನ್ನೆರಡನೆಯ ಶತಮಾನದಲ್ಲಿ, ಆಡುವ ಕನ್ನಡದಲ್ಲಿ, ಇಷ್ಟು ಆಳವಾದ ಅನುಭಾವವೂ ಇಷ್ಟು ನೇರವಾದ ಸಮಾಜ ಚಿಂತನೆಯೂ ಮೂಡಿಬಂದಿತ್ತೆಂಬುದು ಆಗ ಬಹುಮಂದಿ ವಿದ್ಯಾವಂತರಿಗೇ ತಿಳಿದಿರಲಿಲ್ಲ. ತಮ್ಮ ಸಮಾಜದವರಿಗೇ ಗೊತ್ತಿಲ್ಲದ ನಿಧಿ ತಮ್ಮ ಸಮಾಜದವರ ಮನೆಯಲ್ಲೇ ಇದೆಯೆಂಬ ಅರಿವು ಅವರನ್ನು ಮತ್ತೆಂದೂ ಸುಮ್ಮನಿರಗೊಡಲಿಲ್ಲ.

ತಾಳೆಗರಿಯ ಓದು ಎಷ್ಟು ಕಠಿಣವೆಂಬುದನ್ನು ಇಂದಿನ ಓದುಗರು ಅರಿಯಬೇಕು. ಕಬ್ಬಿಣದ ಮೊನೆಯುಳ್ಳ ಕಂಟದಿಂದ ಗರಿಯ ಮೇಲೆ ಅಕ್ಷರ ಕೊರೆದು, ಮೇಲೆ ಮಸಿ ಸವರಿ ಒರೆಸಿದಾಗ ಗೆರೆಗಳಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಮಸಿ ಮಾಸಿದರೆ ಅಕ್ಷರವೂ ಮಾಯ. ಪದ ಪದಗಳ ನಡುವೆ ಬಿಡುವಿಲ್ಲ, ಅಲ್ಪವಿರಾಮ ಪೂರ್ಣವಿರಾಮಗಳಿಲ್ಲ. ಒಂದು ವಚನ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂದು ತಿಳಿಯಲು ಕೊನೆಗೆ ಬರುವ ಅಂಕಿತವೇ ಆಧಾರ. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಗುಹೇಶ್ವರನೆಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿಯವರು ಎಂದು ಗುರುತಿಸಬಹುದು. ಆದರೆ ಹೆಸರೇ ಕೇಳಿರದ ನೂರಾರು ಶರಣರ ಅಂಕಿತಗಳ ವಿಷಯದಲ್ಲಿ ಹಲವು ಪ್ರತಿಗಳನ್ನು ಹೋಲಿಸಿ ನೋಡಿಯೇ ನಿರ್ಣಯಕ್ಕೆ ಬರಬೇಕು. ಒಬ್ಬ ಲಿಪಿಕಾರ ಬಿಟ್ಟ ಅಕ್ಷರವನ್ನು ಮತ್ತೊಬ್ಬನ ಪ್ರತಿಯಲ್ಲಿ ಹುಡುಕಬೇಕು. ಹುಳು ತಿಂದ ರಂಧ್ರದಲ್ಲಿ ಯಾವ ಪದವಿತ್ತೆಂದು ಊಹಿಸಬೇಕು.

ಇದಕ್ಕಿಂತಲೂ ಕಠಿಣವಾದದ್ದು ಕಟ್ಟುಗಳನ್ನು ಹೊರತರಿಸುವ ಕೆಲಸ. ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಅವು ಪೂಜೆಗೊಳ್ಳುತ್ತಿದ್ದವು. ವಸ್ತ್ರದಲ್ಲಿ ಸುತ್ತಿ, ವಿಭೂತಿ ಹಚ್ಚಿ, ಪತ್ರೆ ಏರಿಸಿ ಗೂಡಿನಲ್ಲಿಟ್ಟ ಗ್ರಂಥವನ್ನು ಬಿಚ್ಚಿ ಪರರ ಕೈಗೆ ಕೊಡಲು ಮನೆಯ ಹಿರಿಯರು ಹಿಂಜರಿಯುವುದು ಸಹಜ. ಅವರ ಭಕ್ತಿ ನಿಜವಾದದ್ದೇ. ಆ ಭಕ್ತಿ ಇಲ್ಲದಿದ್ದರೆ ಕಟ್ಟುಗಳು ಅಷ್ಟು ತಲೆಮಾರು ಉಳಿದು ಬರುತ್ತಲೂ ಇರಲಿಲ್ಲ. ಆದರೆ ಗೆದ್ದಲಿಗೆ ಭಕ್ತಿಯ ಭೇದವಿಲ್ಲ. ಪೂಜಿಸುವವರು ಓದದೆ ಇಟ್ಟ ಗರಿಯನ್ನು ಅದು ಒಳಗಿನಿಂದಲೇ ಮುಗಿಸಿಬಿಡುತ್ತದೆ. ಹಳಕಟ್ಟಿಯವರು ಊರೂರು ಅಲೆದು, ಹಿರಿಯರ ಮನವೊಲಿಸಿ, ಕೆಲವನ್ನು ಪಡೆದು, ಕೆಲವನ್ನು ಅಲ್ಲಿಯೇ ಕುಳಿತು ನಕಲು ಮಾಡಿಕೊಂಡು, ದಶಕಗಳ ಕಾಲ ಈ ಸಂಗ್ರಹವನ್ನು ಬೆಳೆಸಿದರು.

ಇದೇ ಕಾಲದಲ್ಲಿ ಮೈಸೂರಿನಲ್ಲಿಯೂ ಅಂತಹುದೇ ಒಂದು ಸಂಗತಿ ನಡೆದುದನ್ನು ಇಲ್ಲಿ ನೆನೆಯುವುದು ಉಚಿತ. 1891ರಲ್ಲಿ ಸ್ಥಾಪನೆಗೊಂಡ ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಗರಿಯ ಕಟ್ಟೊಂದರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಮುದ್ರಣವಾದಾಗ ಪ್ರಾಚೀನ ಭಾರತದ ಬಗೆಗಿನ ಜಗತ್ತಿನ ತಿಳಿವಳಿಕೆಯೇ ಬದಲಾಯಿತು. ಆ ಪಂಡಿತರು ಕಟ್ಟನ್ನು ಮನೆಯಲ್ಲೇ ಉಳಿಸಿಕೊಂಡಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ, ಒಂದು ಪುಸ್ತಕ ಹೊರಬರುವುದೂ ಬಾರದಿರುವುದೂ ಎಷ್ಟು ದೊಡ್ಡ ವ್ಯತ್ಯಾಸವೆಂಬುದು ತಿಳಿಯುತ್ತದೆ.

ವಚನಶಾಸ್ತ್ರಸಾರ

ಹಳಕಟ್ಟಿಯವರಿಗೆ ಮುನ್ನವೂ ಕೆಲವರು ವಚನಗಳನ್ನು ಬಿಡಿಬಿಡಿಯಾಗಿ ಅಚ್ಚು ಹಾಕಿಸಿದ್ದುಂಟು. ಆದರೆ ಅನೇಕ ಶರಣರ ವಚನಗಳನ್ನು ಒಂದೆಡೆ ತಂದು, ವಿಷಯಾನುಸಾರ ವಿಂಗಡಿಸಿ, ಸಾಮಾನ್ಯ ಓದುಗನಿಗೂ ಶರಣಧರ್ಮದ ಸಮಗ್ರ ಸ್ವರೂಪ ತಿಳಿಯುವಂತೆ ಜೋಡಿಸಿದ ಕೀರ್ತಿ ಹಳಕಟ್ಟಿಯವರದು. ಸುಮಾರು ಎರಡು ದಶಕಗಳ ಪರಿಶ್ರಮದ ಫಲವಾಗಿ ಸಿದ್ಧವಾದ ಆ ಹಸ್ತಪ್ರತಿಗೆ ವಚನಶಾಸ್ತ್ರಸಾರವೆಂದು ಹೆಸರಿಟ್ಟರು.

ಮುದ್ರಣಕ್ಕಾಗಿ ಅದನ್ನು ಮೊದಲು ಮಂಗಳೂರಿಗೆ ಕಳುಹಿಸಲಾಯಿತು. ಕನ್ನಡದ ಅಚ್ಚುಕಟ್ಟಾದ ಮುದ್ರಣಕ್ಕೆ ಮಂಗಳೂರು ಆಗ ಹೆಸರಾಗಿತ್ತು. ಆದರೆ ಹಸ್ತಪ್ರತಿ ಅಚ್ಚಾಗದೆ ಹಿಂದಿರುಗಿ ಬಂದಿತು. ಅಷ್ಟು ವರ್ಷಗಳ ಶ್ರಮ ಅಂಚೆಯಲ್ಲಿ ಮರಳಿದಾಗ ಎಂಥವರ ಮನಸ್ಸೂ ಕುಗ್ಗುತ್ತದೆ. ಹಳಕಟ್ಟಿಯವರು ಬೆಳಗಾವಿಯ ಮಹಾವೀರ ಮುದ್ರಣಾಲಯದ ಬಾಗಿಲು ತಟ್ಟಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಲ್ಲಿ ಅಚ್ಚಾಗಿ ಹೊರಬಂದಿತು. ವಚನ ಸಾಹಿತ್ಯದ ಚರಿತ್ರೆಯಲ್ಲಿ ಆ ವರ್ಷವನ್ನು ಒಂದು ಎಲ್ಲೆಗಲ್ಲೆಂದು ನಾವು ಭಾವಿಸುತ್ತೇವೆ.

ಈ ಗ್ರಂಥದಿಂದ ಓದುಗರಿಗೆ ಮೊದಲ ಬಾರಿಗೆ ಶರಣ ಸಮೂಹದ ನಿಜವಾದ ವಿಸ್ತಾರ ಕಾಣಿಸಿತು. ಬಸವಣ್ಣ, ಅಲ್ಲಮ, ಚೆನ್ನಬಸವಣ್ಣ, ಅಕ್ಕಮಹಾದೇವಿಯರ ಹೆಸರುಗಳು ಪುರಾಣಗಳಿಂದ ಜನಕ್ಕೆ ಪರಿಚಿತವಾಗಿದ್ದವು. ಆದರೆ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿ, ಸತ್ಯಕ್ಕ, ಮುಕ್ತಾಯಕ್ಕ ಮೊದಲಾದವರು ತಮ್ಮದೇ ಮಾತಿನಲ್ಲಿ ಲೋಕದೊಡನೆ ಮಾತಾಡಿದ್ದರೆಂಬುದು ಹೆಚ್ಚಿನವರಿಗೆ ಹೊಸ ಸಂಗತಿ. ಹಳಕಟ್ಟಿಯವರ ನಿರಂತರ ಶೋಧನೆಯಿಂದ 200ಕ್ಕೂ ಹೆಚ್ಚು ವಚನಕಾರರು ಬೆಳಕಿಗೆ ಬಂದರು. ಕಾಯಕ ಜೀವಿಗಳೂ ಮಹಿಳೆಯರೂ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬರೆದ ಸಾಹಿತ್ಯ ಹನ್ನೆರಡನೆಯ ಶತಮಾನದ ಲೋಕದಲ್ಲಿ ಅತಿ ವಿರಳ. ಅದು ನಮ್ಮಲ್ಲಿತ್ತು, ನಮಗೇ ತಿಳಿದಿರಲಿಲ್ಲ.

ಹಿತಚಿಂತಕ ಮುದ್ರಣಾಲಯ

ಒಂದು ಪುಸ್ತಕಕ್ಕೇ ಇಷ್ಟು ಅಲೆದಾಟವಾದರೆ, ಸಂಗ್ರಹವಾದ ನೂರಾರು ಕಟ್ಟುಗಳ ಗತಿಯೇನು? ಹಳಕಟ್ಟಿಯವರು ಸ್ವಂತ ಮುದ್ರಣಾಲಯವೊಂದನ್ನು ಸ್ಥಾಪಿಸಲು ನಿಶ್ಚಯಿಸಿದರು. ಕೈಯಲ್ಲಿ ಹಣವಿರಲಿಲ್ಲ, ಇದ್ದದ್ದು ವಾಸದ ಮನೆ. ಅದನ್ನು ಮಾರಿ, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು. ಸಮಾಜದಲ್ಲಿ ಮಾನ್ಯರಾದ ವಕೀಲರು ಬಾಡಿಗೆ ಮನೆಗೆ ಬಂದರು. ಈ ತ್ಯಾಗದ ಭಾರವನ್ನು ಅವರೊಬ್ಬರೇ ಹೊರಲಿಲ್ಲ. ಪತ್ನಿ ಭಾಗೀರಥಿಬಾಯಿಯವರೂ ಮನೆಯವರೂ ಅದರಲ್ಲಿ ಸಮಭಾಗಿಗಳೆಂಬುದನ್ನು ನಾವು ಮರೆಯಬಾರದು. ದಾಸೋಹವೆಂದರೆ ಮಿಕ್ಕಿದ್ದನ್ನು ಕೊಡುವುದೆಂದು ತಿಳಿದವರಿಗೆ ಈ ಒಂದು ಘಟನೆ ಸಾಕಾದಷ್ಟು ಪಾಠ.

1926ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. ಮೊದಲು ತ್ರೈಮಾಸಿಕವಾಗಿದ್ದು ಅನಂತರ ಮಾಸಿಕವಾದ ಆ ಪತ್ರಿಕೆಯನ್ನು ಅವರು ಸುಮಾರು ಮೂರೂವರೆ ದಶಕಗಳ ಕಾಲ ನಡೆಸಿದರು. 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯನ್ನೂ ಹೊರತಂದರು. ಒಂದರಲ್ಲಿ ಶರಣ ಸಾಹಿತ್ಯದ ಚಿಂತನೆ, ಇನ್ನೊಂದರಲ್ಲಿ ನಾಡಿನ ಆಗುಹೋಗು. ಹಸ್ತಪ್ರತಿಯ ಶೋಧನೆ, ಪಾಠ ನಿರ್ಣಯ, ಲೇಖನ ರಚನೆ, ಕರಡಚ್ಚಿನ ತಿದ್ದುಪಡಿ, ಚಂದಾದಾರರೊಡನೆ ಪತ್ರವ್ಯವಹಾರ ಎಲ್ಲದರಲ್ಲಿಯೂ ಅವರ ಕೈ ಇರುತ್ತಿತ್ತು. ಆಗಿನ ಮುದ್ರಣವೆಂದರೆ ಒಂದೊಂದು ಅಕ್ಷರದ ಸೀಸದ ಮೊಳೆಯನ್ನು ಕೈಯಿಂದ ಆಯ್ದು ಜೋಡಿಸುವ ಕೆಲಸ. ಕನ್ನಡದ ಒತ್ತಕ್ಷರಗಳಿಗೆ ಬೇರೆಯೇ ಮೊಳೆಗಳು. ಒಂದು ಪುಟ ಜೋಡಿಸಿ, ತಿದ್ದಿ, ಅಚ್ಚೊತ್ತಿ, ಮತ್ತೆ ಬಿಡಿಸಿ ಮೊಳೆಗಳನ್ನು ಅವುಗಳ ಮನೆಗೆ ಸೇರಿಸಿದ ಮೇಲೆಯೇ ಮುಂದಿನ ಪುಟ. ಹೀಗೆ ಪುಟ ಪುಟವಾಗಿ ಶರಣರ ನುಡಿ ಹೊರಬಂದಿತು. ಆದಾಯ ಮಾತ್ರ ವೆಚ್ಚಕ್ಕೆ ಎಂದೂ ಸಾಲಲಿಲ್ಲ.

ಇಷ್ಟೆಲ್ಲದರ ನಡುವೆಯೂ ಅವರು ಲೋಕೋಪಯೋಗಿ ಕಾರ್ಯಗಳನ್ನು ಬಿಡಲಿಲ್ಲ. 1910ರಲ್ಲಿ ವಿಜಾಪುರದಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಯಲ್ಲಿ ಅವರು ಮುಂದಾಳುಗಳು. ಸಾಮಾನ್ಯ ಜನರಿಗೆ ಸಾಲ ಸೌಲಭ್ಯ ದೊರೆಯಲೆಂದು 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಹುಟ್ಟುವುದಕ್ಕೂ ಅವರೇ ಕಾರಣರು. ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾಗಿಯೂ ದುಡಿದರು. ಶಾಲೆಯಿಲ್ಲದೆ ಓದುಗನಿಲ್ಲ, ಓದುಗನಿಲ್ಲದೆ ಪುಸ್ತಕವಿಲ್ಲವೆಂಬ ಸತ್ಯ ಅವರಿಗೆ ಸ್ಪಷ್ಟವಾಗಿತ್ತೆಂದು ಈ ಕಾರ್ಯಗಳ ಕ್ರಮವೇ ಸಾರುತ್ತದೆ. ಪುಸ್ತಕ ಅಚ್ಚಾಗುವುದಕ್ಕೆ 13 ವರ್ಷ ಮೊದಲೇ ವಿದ್ಯಾಸಂಸ್ಥೆ ಎದ್ದಿತ್ತು.

1926ರಲ್ಲಿ ಬಳ್ಳಾರಿಯಲ್ಲಿ ಜರುಗಿದ 12ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಒಲಿದು ಬಂದಿತು. ವಿಜಾಪುರದ ಗೋಲ ಗುಮ್ಮಟದ ಜೊತೆಗೆ ಈ ಊರಿನಲ್ಲಿ ವಚನ ಗುಮ್ಮಟವೊಂದಿದೆಯೆಂದು ಬಿ.ಎಂ. ಶ್ರೀಕಂಠಯ್ಯನವರು ಕೊಂಡಾಡಿದರೆಂಬುದು ಕನ್ನಡಿಗರೆಲ್ಲ ಬಲ್ಲ ಮಾತು. ಸರ್ಕಾರದಿಂದ ರಾವ್ ಬಹದ್ದೂರ್ ಬಿರುದು ಬಂದಿತು. ಕರ್ನಾಟಕ ಏಕೀಕರಣಗೊಂಡ 1956ರಲ್ಲಿಯೇ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಯಾವ ಬಿರುದೂ ಅವರ ದಿನಚರಿಯನ್ನು ಬದಲಿಸಲಿಲ್ಲ. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಗೂಳೂರಿನ ಗ್ರಂಥ, ವಿಜಾಪುರದ ಅಚ್ಚು

ಹಳಕಟ್ಟಿಯವರು ಉತ್ತರ ಕರ್ನಾಟಕದವರು, ನಮ್ಮ ಮಾಗಡಿ ಸೀಮೆಗೂ ಅವರಿಗೂ ಏನು ಸಂಬಂಧವೆಂದು ಕೆಲವರಿಗೆ ತೋರಬಹುದು. ಸಂಬಂಧ ಬಲು ನಿಕಟವಾದದ್ದು. ಸೋಲೂರಿನಿಂದ ಹಾಸನದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಸಾಗಿದರೆ ಕುಣಿಗಲ್, ಅದರಾಚೆ ಎಡೆಯೂರು. ಅಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿದೆ. ನಮ್ಮ ಭಾಗದ ಭಕ್ತರು ಜಾತ್ರೆಗೆ, ಹರಕೆಗೆ ಹೋಗಿಬರುವ ಪುಣ್ಯಕ್ಷೇತ್ರವದು. ಆ ಯತಿಗಳು 701 ವಚನಗಳ ಕರ್ತೃಗಳು. ಅವರ ಶಿಷ್ಯ ಪರಂಪರೆಯವರು ಚದುರಿ ಹೋಗಿದ್ದ ವಚನಗಳನ್ನು ಆಯ್ದು, ಜೋಡಿಸಿ, ನಕಲು ಮಾಡಿ ಉಳಿಸಿದರು. ಯೂರೋಪಿನಲ್ಲಿ 1450ರ ದಶಕದಲ್ಲಿ ಗುಟೆನ್‌ಬರ್ಗನು ಬೈಬಲನ್ನು ಅಚ್ಚು ಹಾಕಿದ ಮೇಲಿನ ತಲೆಮಾರುಗಳಲ್ಲಿ, ನಮ್ಮ ಈ ಸೀಮೆಯ ವಿರಕ್ತರು ತಾಳೆಗರಿಯ ಮೇಲೆ ಅಂತಹುದೇ ಮಹತ್ತರವಾದ ಗ್ರಂಥಕಾಯಕದಲ್ಲಿ ತೊಡಗಿದ್ದರು.

ಆ ಪರಂಪರೆಯ ಗೂಳೂರು ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಗೆ ಅದರ ಕೊನೆಯ, ಸುಪ್ರಸಿದ್ಧ ರೂಪ ಕೊಟ್ಟವರು. ಗೂಳೂರು ತುಮಕೂರಿನ ಬಳಿಯ ಊರು. ಅನುಭವ ಮಂಟಪದಲ್ಲಿ ಶರಣರು ಎದುರುಬದುರು ಕುಳಿತು ಪ್ರಶ್ನಿಸಿ ಉತ್ತರಿಸಿದಂತೆ ವಚನಗಳನ್ನೇ ಹೆಣೆದು ಕಟ್ಟಿದ ಆ ಗ್ರಂಥವು ಶತಮಾನಗಳ ಕಾಲ ಓಲೆಕಟ್ಟುಗಳಲ್ಲಿಯೇ ಉಳಿದಿತ್ತು. 1930ರಲ್ಲಿ ಅದನ್ನು ಸಂಪಾದಿಸಿ ಮೊದಲ ಬಾರಿಗೆ ಮುದ್ರಣಕ್ಕೆ ತಂದವರು ಹಳಕಟ್ಟಿಯವರು. ನಮ್ಮ ನೆರೆಯ ಊರಿನ ಗ್ರಂಥ ವಿಜಾಪುರದಲ್ಲಿ ಅಚ್ಚಾಗಿ ನಮ್ಮಲ್ಲಿಗೆ ಮರಳಿ ಬಂದಿತು. ಮುಂದೆ ಪ್ರೊ. ಎಸ್.ಎಸ್. ಭೂಸನೂರಮಠರು ಅದನ್ನು ಪರಿಷ್ಕರಿಸಿದರು. ಕರ್ನಾಟಕ ವಿಶ್ವವಿದ್ಯಾಲಯವು ಅದರ ಇಂಗ್ಲಿಷ್ ಅನುವಾದವನ್ನು ಐದು ಸಂಪುಟಗಳಲ್ಲಿ ಪ್ರಕಟಿಸಿತು. ಗೂಳೂರಿನ ಓಲೆಯ ಮಾತು ಹೀಗೆ ಲೋಕದ ಓದುಗರನ್ನು ಮುಟ್ಟಿತು.

ಓದಿನಿಂದಾದ ಬದಲಾವಣೆ

ಮುದ್ರಿತ ವಚನ ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಲಾಗದು. ಮೊದಲು ನಮ್ಮ ಸಮಾಜವೇ ತನ್ನನ್ನು ತಾನು ನೋಡುವ ಬಗೆ ಬದಲಾಯಿತು. ಅಲ್ಲಿಯವರೆಗೆ ಜನಸಾಮಾನ್ಯರಿಗೆ ಶರಣರು ತಿಳಿದಿದ್ದುದು ಹೆಚ್ಚಾಗಿ ಪುರಾಣ ಪ್ರವಚನಗಳಿಂದ, ಪವಾಡಗಳ ಕಥೆಗಳಿಂದ. ವಚನಗಳನ್ನೇ ಓದತೊಡಗಿದಾಗ ಕಾಯಕ, ದಾಸೋಹ, ಸಮಾನತೆ, ಅಂತರಂಗದ ಶುದ್ಧಿ ಇವು ಶರಣರ ಬಾಯಿಂದಲೇ ಕೇಳಿಬಂದವು. ಹೇಳಿದ್ದನ್ನು ಕೇಳುವ ಭಕ್ತ, ಓದಿ ಪ್ರಶ್ನಿಸುವ ಭಕ್ತನಾದ. ಇದನ್ನು ಮಠಗಳು ಭಯದಿಂದಲ್ಲ, ಸಂತೋಷದಿಂದ ಸ್ವಾಗತಿಸಬೇಕು. ಅನುಭವ ಮಂಟಪ ನಡೆದದ್ದೇ ಪ್ರಶ್ನೆಯಿಂದ.

ಸಮಾಜದ ಎಲ್ಲೆಯನ್ನೂ ವಚನಗಳು ದಾಟಿದವು. ಕ್ರೈಸ್ತ ಬೋಧಕರಾಗಿದ್ದ ಉತ್ತಂಗಿ ಚೆನ್ನಪ್ಪನವರು ಶರಣ ಸಾಹಿತ್ಯದ ಗಂಭೀರ ಅಧ್ಯಯನಕ್ಕೆ ತೊಡಗಿದರು. ಎಸ್.ಎಸ್. ಬಸವನಾಳರಂತಹ ವಿದ್ವಾಂಸರು ಶಾಸ್ತ್ರೀಯ ಸಂಪಾದನೆಯನ್ನು ಮುಂದುವರಿಸಿದರು. 1973ರಲ್ಲಿ ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಹೊರಬಂದ ಮೇಲೆ ಬಸವಣ್ಣ, ಅಲ್ಲಮ, ಅಕ್ಕ, ದೇವರ ದಾಸಿಮಯ್ಯರು ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿಯೂ ಓದುಗರನ್ನು ಪಡೆದರು. 1993ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. 20,000ಕ್ಕೂ ಹೆಚ್ಚು ವಚನಗಳು ಇಂದು ಓದಲು ದೊರೆಯುತ್ತಿವೆ. ಈ ಎಲ್ಲ ಹೊನಲುಗಳನ್ನು ಮೇಲಕ್ಕೆ ಅನುಸರಿಸಿ ಹೋದರೆ ವಿಜಾಪುರದ ಆ ಸಣ್ಣ ಮುದ್ರಣಾಲಯ ಕಾಣಿಸುತ್ತದೆ, ಅದಕ್ಕೂ ಹಿಂದೆ ರಬಕವಿಯ ಒಂದು ಮನೆಯಲ್ಲಿ ಬಿಚ್ಚಿದ ಓಲೆಕಟ್ಟು ಕಾಣಿಸುತ್ತದೆ.

ನಮ್ಮ ಪಾಲಿನ ಕೆಲಸ

ಭಕ್ತಮಹಾಶಯರಲ್ಲಿ ನಮ್ಮ ವಿನಂತಿ ಎರಡು. ನಮ್ಮ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ, ದೇವರ ಕೋಣೆಯಲ್ಲಿ ಓಲೆಕಟ್ಟುಗಳು ಇನ್ನೂ ಉಳಿದಿದ್ದರೆ ದಯವಿಟ್ಟು ಅಲಕ್ಷಿಸಬೇಡಿ. ಅವುಗಳಿಗೆ ನೀರು, ಕುಂಕುಮ ಸೋಕಿಸುವುದು ಬೇಡ, ಅಂಟಿಕೊಂಡ ಗರಿಗಳನ್ನು ಬಲವಂತದಿಂದ ಬಿಡಿಸುವುದೂ ಬೇಡ. ಬಲ್ಲವರಿಗೆ ತೋರಿಸಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಮೊದಲಾದೆಡೆ ಇದನ್ನು ಅರಿತವರಿದ್ದಾರೆ. ಇಂದು ಕಟ್ಟನ್ನು ಮನೆಯಿಂದ ಶಾಶ್ವತವಾಗಿ ಕಳುಹಿಸಬೇಕಾದ ಅಗತ್ಯವೂ ಇಲ್ಲ. ಛಾಯಾಚಿತ್ರ ತೆಗೆಸಿದರೂ ಒಳಗಿನ ಮಾತು ಉಳಿಯುತ್ತದೆ. ಅದು ಮನೆಯ ಲೆಕ್ಕಪತ್ರವೇ ಆಗಿರಬಹುದು, ಯಾರೂ ಕಂಡಿರದ ವಚನವೂ ಆಗಿರಬಹುದು. ಬಿಚ್ಚದೆ ತಿಳಿಯದು.

ಎರಡನೆಯದು ಇನ್ನೂ ಸುಲಭವಾದದ್ದು. ಹಳಕಟ್ಟಿಯವರ ಕಾಲದಲ್ಲಿ ಪುಸ್ತಕ ದುರ್ಲಭವಾಗಿತ್ತು, ಓದುವ ಹಂಬಲವಿತ್ತು. ಇಂದು ಪುಸ್ತಕ ಸುಲಭವಾಗಿದೆ, ಹಂಬಲ ಕಡಿಮೆಯಾಗಿದೆ. ಅಚ್ಚಾದ ವಚನ ಸಂಪುಟವೂ ಗಾಜಿನ ಕಪಾಟಿನಲ್ಲಿ ಬೀಗದೊಳಗೆ ಕುಳಿತರೆ ಅದು ಮತ್ತೊಂದು ಓಲೆಕಟ್ಟೇ ಆದೀತು. ದಿನಕ್ಕೊಂದು ವಚನವನ್ನು ಮನೆಯವರೆಲ್ಲ ಕುಳಿತು ಓದಿ, ಅರ್ಥವಾಗದ ಮಾತನ್ನು ಹಿರಿಯರಲ್ಲಿ ಕೇಳಿ, ಮಕ್ಕಳ ಪ್ರಶ್ನೆಗೆ ಬೇಸರಪಡದೆ ಉತ್ತರಿಸಲು ಹತ್ತು ನಿಮಿಷ ಸಾಕು. ಉತ್ತರ ತಿಳಿಯದಿದ್ದರೆ ಮಠಕ್ಕೆ ಬನ್ನಿ, ಕೂಡಿ ಹುಡುಕೋಣ. ಆ ಮಹನೀಯರು ತಮ್ಮ ಮನೆಯನ್ನು ಮಾರಿದ್ದು ಈ ಹತ್ತು ನಿಮಿಷಗಳಿಗಾಗಿ.